ಕೋಡಿ ಮೇಲೆ ಮೂರು ಸಾಲು ಮರಳು ಚೀಲ

ಈ ವಾರ ಕೆರೆ ಬಗ್ಗೆ ಮಾತಾಡೋಣ ಅಂತ. ಬೆಂಗಳೂರಲ್ಲಿ ಕೂತು ಕೆರೆ ಅಂದ ತಕ್ಷಣ ನೊರೆ, ಬೆಂಕಿ, ಒತ್ತುವರಿ ನೆನಪಾಗುತ್ತೆ. ಆ ಕಥೆ ಅಲ್ಲ ಇದು. ಇದು ಹಳ್ಳಿ ಕೆರೆ ಕಥೆ. ನಾವು ಅದನ್ನ ಬಾಯಿಮಾತಿಗೆ ಕೆರೆ ಅಂತೀವಿ, ಆದರೆ ಹಳ್ಳಕ್ಕೆ ಅಡ್ಡ ಮಣ್ಣಿನ ಗೋಡೆ ಎಬ್ಬಿಸಿ ನೀರು ನಿಲ್ಲಿಸಿದೀವಿ ಅಂದ್ಮೇಲೆ ಅದು ಅಣೆಕಟ್ಟೇ. ಅಣೆಕಟ್ಟಿಗೆ ಬರೋ ಕಾಯಿಲೆ ಎಲ್ಲ ಅದಕ್ಕೂ ಬರುತ್ತೆ.

ಶುರುವಾಗಿದ್ದು ಹೀಗೆ. ಹೋದ ಮಳೆಗಾಲದಲ್ಲಿ ನಮ್ಮಮ್ಮನ ಊರಿಗೆ ಹೋಗಿದ್ದೆ. ತುಮಕೂರು ಜಿಲ್ಲೆ, ಊರ ಹೆಸರು ಬೇಡ. ಕೆರೆ ತುಂಬಿದೆ ಅಂತ ಊರಿಗೆ ಊರೇ ಖುಷಿಯಲ್ಲಿತ್ತು. ನಮ್ಮ ಮಾವ ಬೈಕಲ್ಲಿ ಕೂರಿಸ್ಕೊಂಡು ಕೋಡಿ ತೋರಿಸೋಕೆ ಕರ್ಕೊಂಡು ಹೋದರು. ಹೋಗಿ ನೋಡಿದರೆ ಕೋಡಿ ಮೇಲೆ ಉದ್ದಕ್ಕೂ ಮೂರು ಸಾಲು ಮರಳು ಚೀಲ ಪೇರಿಸಿದ್ರು. ಯಾಕೆ ಮಾವ ಅಂದೆ. "ಒಂದಡಿ ನೀರು ಜಾಸ್ತಿ ನಿಲ್ಲುತ್ತಲ್ಲಪ್ಪ. ಬೇಸಿಗೆಲಿ ಬೋರು ಕೈಕೊಡಲ್ಲ" ಅಂದರು. ನನಗೂ ಸರಿ ಅನ್ನಿಸ್ತು. ಚೆಂದದ ಫೋಟೊ ಬಂತು, ಸ್ಟೇಟಸ್ ಹಾಕಿದೆ. ಅರ್ಧ ಗಂಟೆಯಲ್ಲಿ ನನ್ನ ಸ್ನೇಹಿತನ ಫೋನು. ಅವನು ಸಿವಿಲ್ ಇಂಜಿನಿಯರ್, ನೀರಾವರಿ ಕೆಲಸ ಮಾಡೋನು. ಹಲೋ ಕೂಡ ಅನ್ನಲಿಲ್ಲ, "ಆ ಚೀಲ ಮೊದಲು ತೆಗೆಸು ಮಾರಾಯ" ಅಂದ.

ನಾನು ಬಿ.ಕಾಂ. ಓದಿದವನು, ಮಣ್ಣಿನ ಇಂಜಿನಿಯರಿಂಗ್ ಗೊತ್ತಿಲ್ಲ. ಅವನ ಹತ್ರ ಎರಡು ಮೂರು ಸಂಜೆ ಕೂತು ಕೇಳಿಸ್ಕೊಂಡಿದ್ದು, ಆಮೇಲೆ ನಾನು ಓದಿದ್ದು, ಮತ್ತೆ ಊರಿಗೆ ಹೋಗಿ ನೋಡಿದ್ದು, ಇಷ್ಟನ್ನ ನಿಮಗೆ ಹೇಳ್ತೀನಿ.

ಮೊದಲು ಗಾತ್ರದ ಅಂದಾಜು ಇರಲಿ. ನೂರು ಎಕರೆ ಅಂಗಳದ ಕೆರೆ ಅಂದ್ಕೊಳ್ಳಿ, ಸರಾಸರಿ ಎರಡು ಮೀಟರ್ ಆಳ. ಸುಮಾರು 8 ಲಕ್ಷ ಘನ ಮೀಟರ್ ನೀರಾಯ್ತು. ಟಿಎಂಸಿ ಲೆಕ್ಕದಲ್ಲಿ ಇದು ಏನೂ ಅಲ್ಲ, ಒಂದು ಟಿಎಂಸಿಯ ಮೂವತ್ತೈದರಲ್ಲಿ ಒಂದು ಪಾಲು. ಕೆಆರ್‌ಎಸ್ 49 ಟಿಎಂಸಿ ಅಂತ ದಿನಾ ಕೇಳೋ ನಮಗೆ ಇದು ಲೆಕ್ಕಕ್ಕೇ ಸಿಗಲ್ಲ. ಆದರೆ 8 ಲಕ್ಷ ಘನ ಮೀಟರ್ ಅಂದರೆ 8 ಲಕ್ಷ ಟನ್ ತೂಕ. ನಮ್ಮ ಬೀದಿಗೆ ಬರೋ ಆರು ಸಾವಿರ ಲೀಟರ್ ಟ್ಯಾಂಕರಲ್ಲಿ ತುಂಬಿದರೆ ಒಂದು ಲಕ್ಷ ಮೂವತ್ತು ಸಾವಿರ ಟ್ಯಾಂಕರ್ ದಾಟುತ್ತೆ. ಅಷ್ಟೂ ನೀರು ಒಂದು ಮಣ್ಣಿನ ದಿಣ್ಣೆಗೆ ಒರಗಿಕೊಂಡು, ಊರಿಗಿಂತ ಎತ್ತರದಲ್ಲಿ ನಿಂತಿರುತ್ತೆ. ಇಂಥವು ಕರ್ನಾಟಕದಲ್ಲಿ ಚಿಕ್ಕದು ದೊಡ್ಡದು ಸೇರಿ 36 ಸಾವಿರಕ್ಕೂ ಹೆಚ್ಚಿವೆ.

ಹಳ್ಳಿಯಿಂದ ಬಂದವರಿಗೆ ಕೆರೆಯ ಅಂಗಾಂಗ ಹೇಳಿಕೊಡಬೇಕಿಲ್ಲ. ಉಳಿದವರಿಗೆ ಒಂದೇ ಉಸಿರಲ್ಲಿ: ನೀರು ತಡೆಯೋ ಮಣ್ಣಿನ ಕಟ್ಟೆ ಏರಿ. ಗದ್ದೆಗೆ ನೀರು ಬಿಡೋ ಬಾಗಿಲು ತೂಬು. ತುಂಬಿದ ಮೇಲೆ ಹೆಚ್ಚಿನ ನೀರು ತಾನಾಗಿ ಹೊರಗೆ ಹೋಗೋ ಜಾಗ ಕೋಡಿ. ಕೆರೆ ನೀರು ಉಣ್ಣೋ ಜಮೀನು ಅಚ್ಚುಕಟ್ಟು. ಇದರಲ್ಲಿ ಜೀವ ಉಳಿಸೋದು ಕೋಡಿ. ಯಾಕೆಂದರೆ ಮಣ್ಣಿನ ಏರಿ ಪಕ್ಕದಿಂದ ಒತ್ತಡ ತಡ್ಕೊಳ್ಳುತ್ತೆ, ತಲೆ ಮೇಲೆ ನೀರು ಹರಿದರೆ ತಡ್ಕೊಳ್ಳಲ್ಲ. ಕಲ್ಲಿನದೋ ಕಾಂಕ್ರೀಟಿನದೋ ಆದರೆ ಒಂದಷ್ಟು ಹೊತ್ತು ನಿಂತೀತು. ಮಣ್ಣು ಹಾಗಲ್ಲ. ಮೇಲಿಂದ ಬಿದ್ದ ನೀರು ಹೊರಗಿನ ಇಳಿಜಾರನ್ನ ಕೊರೀತಾ ಕೊರೀತಾ ಹಿಂದಕ್ಕೆ ಬರುತ್ತೆ. ಒಂದು ಕಡೆ ಸೀಳು ಬಿತ್ತು ಅಂದರೆ ಎಲ್ಲ ನೀರೂ ಅಲ್ಲಿಗೇ ನುಗ್ಗುತ್ತೆ, ಸೀಳು ಅಗಲ ಆಗುತ್ತೆ, ಮುಗೀತು.

ಈಗ ಚೀಲಕ್ಕೆ ಬರೋಣ. ಇಲ್ಲಿ ನಾನು ಲೆಕ್ಕ ತಪ್ಪಿದ್ದೆ. ಜೋರು ಮಳೆಗೆ ಕೋಡಿ ಮೇಲೆ ಮೂರು ಅಡಿ ಎತ್ತರಕ್ಕೆ ನೀರು ಹರಿಯಬಹುದು ಅಂತ ಲೆಕ್ಕ ಹಾಕಿ ಕೆರೆ ಕಟ್ಟಿರ್ತಾರೆ ಅಂದ್ಕೊಳ್ಳಿ. ಅದರ ಮೇಲೆ ಇನ್ನೂ ಒಂದಿಷ್ಟು ಅಡಿ ಏರಿ ಖಾಲಿ ಬಿಟ್ಟಿರ್ತಾರೆ, ಅಲೆ ಹೊಡೆತಕ್ಕೆ, ಎಣಿಸದೆ ಬರೋದಕ್ಕೆ. ಈಗ ಒಂದಡಿ ಚೀಲ ಇಟ್ಟರು. ಮೂರಡಿ ಇದ್ದಿದ್ದು ಎರಡಡಿ ಆಯ್ತು. ಹಾಗಾದರೆ ಹೊರಗೆ ಹೋಗೋ ನೀರು ಮೂರನೇ ಒಂದು ಭಾಗ ಕಮ್ಮಿ ಆಗುತ್ತೆ ಅಂತ ನಾನು ಅಂದೆ. ಸ್ನೇಹಿತ ನಕ್ಕ. ಕೋಡಿ ಮೇಲೆ ನೀರಿನ ಎತ್ತರ ಕಮ್ಮಿ ಆದಾಗ ಹರಿಯೋ ಜಾಗವೂ ಕಮ್ಮಿ ಆಗುತ್ತೆ, ಹರಿಯೋ ವೇಗವೂ ಕಮ್ಮಿ ಆಗುತ್ತೆ. ಎರಡೂ ಸೇರಿ ಹೊಡೆತ ಕೊಡುತ್ತೆ. ಲೆಕ್ಕ ಮಾಡಿದರೆ ಮೊದಲಿನ ಶೇ 54ರಷ್ಟು ನೀರು ಮಾತ್ರ ಹೊರಗೆ ಹೋಗುತ್ತೆ. ಅಂದರೆ ಮೂರು ಸಾಲು ಚೀಲ ಇಟ್ಟು ಕೋಡಿಯ ತಾಕತ್ತನ್ನ ಹೆಚ್ಚುಕಮ್ಮಿ ಅರ್ಧ ಮಾಡಿದೀವಿ. ಉಳಿದ ನೀರು ಎಲ್ಲಿ ಹೋಗಬೇಕು? ಮೇಲಕ್ಕೇ ಏರಬೇಕು, ಆ ಖಾಲಿ ಬಿಟ್ಟ ಜಾಗ ತಿನ್ನಬೇಕು.

ಆ ಖಾಲಿ ಜಾಗ ಕಾಗದದಲ್ಲಿ ಇದ್ದಷ್ಟು ಏರಿ ಮೇಲೆ ಇರಲ್ಲ, ಇದು ಇನ್ನೊಂದು ಸಂಕಟ. ಮಣ್ಣು ವರ್ಷ ವರ್ಷ ಕುಸೀತಾ ಇರುತ್ತೆ. ದನ ಹತ್ತಿಳಿಯೋ ಕಡೆ, ಟ್ರ್ಯಾಕ್ಟರ್ ದಾಟೋ ಕಡೆ ತಗ್ಗಾಗಿರುತ್ತೆ. ಏರಿ ಸರಾಸರಿ ಎಷ್ಟು ಎತ್ತರ ಇದೆ ಅನ್ನೋದು ನೀರಿಗೆ ಬೇಕಿಲ್ಲ, ಎಲ್ಲಿ ತಗ್ಗು ಇದೆ ಅನ್ನೋದಷ್ಟೇ ಬೇಕು. ನಮ್ಮೂರ ಏರಿ ಮೇಲೆ ನಡೆದು ನೋಡಿದೆ. ದೇವಸ್ಥಾನದ ಕಡೆ ಇರೋದಕ್ಕೂ ಮಧ್ಯದಲ್ಲಿ ದನ ಇಳಿಯೋ ದಾರಿಗೂ ಕಣ್ಣಳತೆಯಲ್ಲೇ ಒಂದು ಮೊಳ ವ್ಯತ್ಯಾಸ.

ಹಾಗಂತ ನಮ್ಮ ಮಾವನ ಮಾತು ತಳ್ಳಿಹಾಕೋ ಹಾಗಿಲ್ಲ. ನೂರು ಎಕರೆ ಮೇಲೆ ಒಂದಡಿ ನೀರು ಅಂದರೆ ಹನ್ನೆರಡು ಕೋಟಿ ಲೀಟರ್. ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆಯಲ್ಲಿ ಅಡಿಕೆ ತೋಟ ಇಟ್ಟವರಿಗೆ ಅದರ ಬೆಲೆ ಗೊತ್ತು. ಕೋಡಿ ಅನ್ನೋದು ಊರಿನ ರಾಜಕೀಯ ನಡೆಯೋ ಜಾಗ. ಏರಿ ಕೆಳಗಿನವರಿಗೆ ಅದು ಎತ್ತರ ಆಗಬೇಕು. ಕೆರೆ ಹಿನ್ನೀರಲ್ಲಿ ಉಳುಮೆ ಮಾಡೋರಿಗೆ ತಗ್ಗಾಗಬೇಕು, ಅವರು ರಾತ್ರೋರಾತ್ರಿ ಕೋಡಿ ಕಲ್ಲು ಕೀಳೋದೂ ಉಂಟು. ಮೀನಿನ ಗುತ್ತಿಗೆ ಹಿಡಿದವರು ಮೀನು ಕೊಚ್ಚಿಹೋಗದಿರಲಿ ಅಂತ ಕೋಡಿಗೆ ಬಲೆ ಕಟ್ಟುತ್ತಾರೆ. ಆ ಬಲೆಗೆ ಕಸಕಡ್ಡಿ, ಜೊಂಡು, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಅದೇ ಒಂದು ಗೋಡೆ. ಕೆಟ್ಟವರು ಯಾರೂ ಇಲ್ಲ ಇಲ್ಲಿ. ಎಲ್ಲರಿಗೂ ಅವರವರ ಲೆಕ್ಕ.

ಅಪಾಯ ಬರೋ ಇನ್ನೊಂದು ದಾರಿ ಒಳಗಿಂದ. ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಒಸರೋದು ಸಹಜ, ಏರಿ ಬುಡದಲ್ಲಿ ಒದ್ದೆ ಕಂಡ ಮಾತ್ರಕ್ಕೆ ಹೆದರಬೇಕಿಲ್ಲ. ನೋಡಬೇಕಾಗಿರೋದು ಬಣ್ಣ. ತಿಳಿ ನೀರಾದರೆ ನೀರು ಮಾತ್ರ ಬರ್ತಿದೆ. ಕದಡಿದ ನೀರಾದರೆ ಜೊತೆಗೆ ಏರಿಯ ಮಣ್ಣೂ ಬರ್ತಿದೆ, ಅಂದರೆ ಒಳಗೆ ಎಲ್ಲೋ ಟೊಳ್ಳಾಗ್ತಿದೆ. ಆ ಟೊಳ್ಳು ಹೊರಗಡೆ ಶುರುವಾಗಿ ಕೆರೆ ಕಡೆಗೆ ಕೊರೀತಾ ಹೋಗುತ್ತೆ. ಕೆರೆ ನೀರನ್ನ ಮುಟ್ಟಿದ ದಿನ ಗಂಟೆಗಳಲ್ಲಿ ಏರಿ ಹೋಗುತ್ತೆ. ಸ್ನೇಹಿತ ಹೇಳಿಕೊಟ್ಟ ಉಪಾಯ ಸುಲಭದ್ದು. ಗಾಜಿನ ಬಾಟಲಿಯಲ್ಲಿ ಒಸರು ನೀರು ಹಿಡೀರಿ, ಅಲ್ಲಾಡಿಸದೆ ಒಂದು ಗಂಟೆ ಇಡಿ, ತಳದಲ್ಲಿ ಮಣ್ಣು ಕೂತಿದೆಯಾ ನೋಡಿ. ನಾಳೆ ಮತ್ತೆ ಹಿಡೀರಿ. ನಿನ್ನೆಗಿಂತ ಜಾಸ್ತಿ ಅಂದರೆ ಫೋನ್ ಮಾಡೋ ಹೊತ್ತು ಬಂತು.

ಈ ಜ್ಞಾನ ಹೊಸದೂ ಅಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಕೆರೆ ಶಾಸನ ಇದೆ, ವಿಜಯನಗರದ ಕಾಲದ್ದು. ಕೆರೆಗೆ ಏನೇನು ಇರಬೇಕು ಅಂತ ಹನ್ನೆರಡು ಅಂಶ ಹೇಳಿ, ಆಮೇಲೆ ಆರು ದೋಷ ಹೇಳುತ್ತೆ. ಏರಿ ಒಸರೋದು ಆ ಆರರಲ್ಲಿ ಒಂದು. ಆರೂವರೆ ಶತಮಾನದ ಹಿಂದೆ ಕಲ್ಲಲ್ಲಿ ಕೊರೆಸಿ ಇಟ್ಟಿದ್ದಾರೆ.

ಒಸರು ಎಲ್ಲಿ ಹೆಚ್ಚು? ತೂಬಿನ ಅಕ್ಕಪಕ್ಕ. ಕಲ್ಲಿನ ತೂಬಿರಲಿ, ಪೈಪಿರಲಿ, ಅದಕ್ಕೆ ಅಂಟಿಕೊಂಡ ಮಣ್ಣನ್ನ ಚೆನ್ನಾಗಿ ದಮ್ಮಸ್ಸು ಮಾಡೋದು ಕಷ್ಟ. ನೀರು ಆ ಸಂದಿ ಹಿಡಿದೇ ಬರುತ್ತೆ. ಆಮೇಲೆ ಮರ. ಏರಿ ಮೇಲೆ ಜಾಲಿ, ಹೊಂಗೆ ಬೆಳೆದಿದ್ದರೆ ಬೇರು ಮಣ್ಣು ಹಿಡ್ಕೊಳ್ಳುತ್ತೆ ಅಂತಲೇ ನಾನೂ ನಂಬಿದ್ದೆ. ಹುಲ್ಲಿನ ಬೇರು ಹಿಡ್ಕೊಳ್ಳುತ್ತೆ. ದೊಡ್ಡ ಮರದ ಬೇರು ಮರ ಸತ್ತ ಮೇಲೆ ಕೊಳೆತು ಕೊಳವೆ ಆಗುತ್ತೆ, ಗಾಳಿಗೆ ಮರ ಉರುಳಿದರೆ ಬೇರಿನ ಜೊತೆ ಏರಿಯ ಒಂದು ಗುಡ್ಡೆಯೇ ಎದ್ದು ಬರುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಪೊದೆ ಬೆಳೆದ ಏರಿಯಲ್ಲಿ ಒಸರು ಕಣ್ಣಿಗೇ ಬೀಳಲ್ಲ. ಹೆಗ್ಗಣದ ಬಿಲ, ಹುತ್ತ ಯಾವುದೂ ಕಾಣಲ್ಲ.

ಏಡಿ ಅಂದಾಗ ಒಂದು ಘಟನೆ ಹೇಳಲೇಬೇಕು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆ, ಚಿಪಳೂಣ ತಾಲ್ಲೂಕು, ತಿವರೆ ಅಂತ ಊರು. ಅಲ್ಲಿ ಒಂದು ಸಣ್ಣ ಮಣ್ಣಿನ ಅಣೆಕಟ್ಟು, ಇಪ್ಪತ್ತು ವರ್ಷದಷ್ಟೇ ಹಳೇದು. 2019ರ ಜುಲೈ 2ರ ರಾತ್ರಿ, ಜೋರು ಮಳೆಯಲ್ಲಿ ಅದು ಒಡೀತು. ಕೆಳಗಿದ್ದ ವಾಡಿಯ ಹನ್ನೆರಡು ಮನೆ ಕೊಚ್ಚಿಹೋಯ್ತು, ಇಪ್ಪತ್ತರ ಆಸುಪಾಸು ಜನ ಸತ್ತರು. ನೀರು ಸೋರುತ್ತಿದೆ ಅಂತ ಊರವರು ಅದಕ್ಕೆ ಮೊದಲೇ ದೂರು ಕೊಟ್ಟಿದ್ದರು. ಆಮೇಲೆ ಅಲ್ಲಿನ ಜಲಸಂರಕ್ಷಣಾ ಸಚಿವರು ಏಡಿಗಳು ಬಿಲ ಕೊರೆದು ಅಣೆಕಟ್ಟು ಒಡೀತು ಅಂದುಬಿಟ್ಟರು. ದೇಶ ಎಲ್ಲ ನಕ್ಕಿತು, ಪ್ರತಿಪಕ್ಷದವರು ಏಡಿ ಹಿಡ್ಕೊಂಡು ಪ್ರತಿಭಟನೆ ಮಾಡಿದರು. ನಾನೂ ಆಗ ಮೀಮ್ ಶೇರ್ ಮಾಡಿದ್ದೆ. ಈಗ ಅನ್ನಿಸೋದು, ಏಡಿ ಬಿಲ ಕೊರೆಯುತ್ತೆ ಅನ್ನೋದು ಸುಳ್ಳಲ್ಲ. ಆದರೆ ಬಿಲ ದೊಡ್ಡದಾಗೋಕೆ ತಿಂಗಳುಗಟ್ಟಲೆ ಬೇಕು, ಅಷ್ಟು ದಿನ ಅದನ್ನ ಹುಡುಕಿ ಮುಚ್ಚೋದು ಮನುಷ್ಯರ ಕೆಲಸ. ಆ ಪ್ರಶ್ನೆ ನಗುವಿನಲ್ಲಿ ಕಳೆದುಹೋಯ್ತು.

ಹಾಗಾದರೆ ನಮ್ಮಲ್ಲಿ ಅದು ಯಾರ ಕೆಲಸ? ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದು 2,000 ಹೆಕ್ಟೇರ್ ಒಳಗಿದ್ದರೆ ಸಣ್ಣ ನೀರಾವರಿ ಇಲಾಖೆ. 40ಕ್ಕಿಂತ ಕಮ್ಮಿ ಇದ್ದರೆ ಪಂಚಾಯತಿ. ನಮ್ಮ ಕೆರೆಗಳಲ್ಲಿ ಬಹುಪಾಲು ಈ ಎರಡನೇ ಗುಂಪಿನವು. ಪಂಚಾಯತಿ ಅಂದರೆ ಬೀದಿ ದೀಪ, ಚರಂಡಿ, ಕುಡಿಯೋ ನೀರು, ಇ-ಸ್ವತ್ತು ಎಲ್ಲದರ ಮಧ್ಯೆ ಇದೂ ಒಂದು. ಇಂಜಿನಿಯರ್ ಒಬ್ಬರಿಗೆ ಎಷ್ಟೋ ಊರು.

ಕಾನೂನು ಇಲ್ವಾ ಅಂದರೆ, ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ. ಮಳೆಗಾಲಕ್ಕೆ ಮೊದಲು, ಮಳೆಗಾಲ ಆದ ಮೇಲೆ ತಪಾಸಣೆ ಆಗಲೇಬೇಕು, ತುರ್ತು ಯೋಜನೆ ಇರಬೇಕು ಅನ್ನುತ್ತೆ. ಒಳ್ಳೇ ಕಾಯ್ದೆ. ಆದರೆ ಅದು ಅನ್ವಯ ಆಗೋದು 15 ಮೀಟರಿಗಿಂತ ಎತ್ತರ ಇದ್ದರೆ. 10ರಿಂದ 15 ಮೀಟರ್ ಇದ್ದರೆ ಕೆಲವು ಷರತ್ತು: ಉದ್ದ 500 ಮೀಟರ್ ಮುಟ್ಟಬೇಕು, ಇಲ್ಲಾ 10 ಲಕ್ಷ ಘನ ಮೀಟರ್ ನೀರು ಹಿಡೀಬೇಕು, ಹೀಗೆ. 10 ಮೀಟರಿಗಿಂತ ಗಿಡ್ಡ ಇದ್ದರೆ ಮಾತೇ ಇಲ್ಲ. ನಮ್ಮ ಹಳ್ಳಿ ಕೆರೆ ಏರಿಗಳು ಸಾಮಾನ್ಯವಾಗಿ ಅದಕ್ಕಿಂತ ಗಿಡ್ಡವೇ. ದೇಶದಲ್ಲಿ ಈ ಕಾಯ್ದೆ ಅಡಿ ಬರೋ ಅಣೆಕಟ್ಟು ಆರು ಸಾವಿರ ಚಿಲ್ಲರೆ. ನಮ್ಮ ರಾಜ್ಯದ ಕೆರೆ ಮಾತ್ರ ಎಣಿಸಿದರೂ ಅದರ ಆರು ಪಟ್ಟು. 2024ರ ಆಗಸ್ಟಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ವಾರಪೂರ್ತಿ ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ಹಳ್ಳಿ ಕೆರೆ ಒಡೆದರೆ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು, ಬೆಳೆ ನಷ್ಟ ಅಂತ.

ಹಿಂದೆ ಇದಕ್ಕೆ ಒಬ್ಬ ಮನುಷ್ಯ ಇದ್ದ. ನೀರುಗಂಟಿ. ತೂಬು ತೆಗೆಯೋದು, ಗದ್ದೆಗೆ ಸರದಿ ಪ್ರಕಾರ ನೀರು ಹಂಚೋದು ಅವನ ಕೆಲಸ ಅಂತ ನಮಗೆ ಗೊತ್ತು. ಆದರೆ ಆ ನೆಪದಲ್ಲಿ ಅವನು ದಿನಾ ಏರಿ ಮೇಲೆ ಓಡಾಡ್ತಿದ್ದ. ಬಿಲ ಕಂಡರೆ ಅಲ್ಲೇ ಮುಚ್ಚುತ್ತಿದ್ದ, ಒಸರು ಕಂಡರೆ ಊರಿಗೆ ಹೇಳ್ತಿದ್ದ. ಇದನ್ನ ಹೊಗಳಿ ಬಿಡೋದೂ ಸರಿಯಲ್ಲ. ವಂಶಪಾರಂಪರ್ಯದ ಕೆಲಸ ಅದು, ಸಾಮಾನ್ಯವಾಗಿ ಕೆಳಗಿಟ್ಟ ಜಾತಿಯವರ ಮೇಲೆ ಹೇರಿದ್ದು, ಕೂಲಿ ಅಂದರೆ ಸುಗ್ಗಿಯಲ್ಲಿ ಕೊಡೋ ಕಾಳು. 1961ರ ಕಾಯ್ದೆ ಇಂಥ ಗ್ರಾಮ ಹುದ್ದೆಗಳನ್ನ ರದ್ದು ಮಾಡಿತು, ಮಾಡಬೇಕಾಗಿತ್ತು ಕೂಡ. ಆದರೆ ಆ ಕೆಲಸವನ್ನ ಸಂಬಳದ ಕೆಲಸವಾಗಿ ಮಾಡಿ ಮತ್ತೆ ಯಾರಿಗೂ ಎಲ್ಲ ಕಡೆ ಒಪ್ಪಿಸಲಿಲ್ಲ. ಆಮೇಲೆ ಬೋರ್‌ವೆಲ್ ಬಂತು, ತೂಬಿನ ನೀರಿಗೆ ಯಾರೂ ಕಾಯಲಿಲ್ಲ. 2002ರಲ್ಲಿ ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಕೆರೆ ಬಳಕೆದಾರರ ಸಂಘ ಅಂತ ಊರೂರಲ್ಲಿ ಮಾಡಿದರು. ನಮ್ಮೂರಲ್ಲೂ ಒಂದಿತ್ತಂತೆ. ಪಾಸ್‌ಬುಕ್ ಎಲ್ಲಿದೆ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು.

ತೂಬು ಬಳಸದೇ ಬಿಟ್ಟಿದ್ದರ ಪರಿಣಾಮ ಇದೆಯಲ್ಲ, ಅದು ನನಗೆ ನಿಜಕ್ಕೂ ದಿಗಿಲು ಹುಟ್ಟಿಸಿದ್ದು. ಏರಿಯಲ್ಲಿ ತೊಂದರೆ ಕಂಡರೆ ಮಾಡಬೇಕಾದ ಕೆಲಸ ನೀರಿನ ಮಟ್ಟ ಇಳಿಸೋದು. ಅದಕ್ಕೆ ಇರೋದು ತೂಬೊಂದೇ. ನಮ್ಮೂರ ತೂಬಿನ ತಿರುಪು ತುಕ್ಕು ಹಿಡಿದು ಕಲ್ಲಾಗಿದೆ, ತಿರುಗಿಸೋ ಹಿಡಿಕೆ ಯಾರ ಮನೆಯಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ತುಂಬಿದ ಬಸ್ಸು ಘಾಟಿ ಇಳೀತಿದೆ, ಬ್ರೇಕ್ ಇದೆಯಾ ಅಂತ ಹತ್ತು ವರ್ಷದಿಂದ ಯಾರೂ ತುಳಿದು ನೋಡಿಲ್ಲ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ: ತೂಬು ಕೆಲಸ ಮಾಡಿದರೂ ಒಂದೇ ದಿನದಲ್ಲಿ ಕೆರೆ ಖಾಲಿ ಮಾಡಬಾರದು. ನೀರು ಕುಡಿದ ಏರಿಯ ಒಳಮೈಗೆ ಎದುರಿನ ನೀರಿನ ಆಸರೆ ಗಬಕ್ಕನೆ ತಪ್ಪಿದರೆ ಆ ಕಡೆಯೇ ಜಾರಿ ಬೀಳುತ್ತೆ.

ಹಣದ ವಿಷಯ ನನ್ನ ಸಬ್ಜೆಕ್ಟು, ಎರಡು ಮಾತು ಹೇಳೋಕೆ ಬಿಡಿ. ಬಂಡವಾಳ ವೆಚ್ಚ, ನಿರ್ವಹಣಾ ವೆಚ್ಚ ಅಂತ ಮೊದಲ ವರ್ಷದ ಅಕೌಂಟೆನ್ಸಿಯಲ್ಲೇ ಹೇಳಿಕೊಡ್ತಾರೆ. ಲಾರಿ ಕೊಂಡರೆ ಬಂಡವಾಳ ವೆಚ್ಚ, ಆಯಿಲ್ ಬದಲಾಯಿಸಿದರೆ ನಿರ್ವಹಣೆ. ಕೆರೆಗೆ ಬರೋ ದುಡ್ಡು ಮೊದಲನೇ ಥರದ್ದು. ಹೂಳೆತ್ತೋದು, ಕಲ್ಲು ಪಿಚಿಂಗು, ಏರಿ ಮೇಲೆ ರಸ್ತೆ, ಸುತ್ತ ಗ್ರಿಲ್ಲು, ಬೋರ್ಡು, ಪೂಜೆ. ಪೊದೆ ಕಡಿಯೋದಕ್ಕೆ, ಬಿಲ ಮುಚ್ಚೋದಕ್ಕೆ, ತಿರುಪಿಗೆ ಗ್ರೀಸ್ ಹಚ್ಚೋದಕ್ಕೆ ಉದ್ಘಾಟನೆ ಇಲ್ಲ, ಹಾಗಾಗಿ ದುಡ್ಡೂ ಇಲ್ಲ. ನಮ್ಮ ಹಳೇ ಶಾಸನಗಳಲ್ಲಿ ಕೆರೆ ಕಟ್ಟಿದವರು ಅದರ ದುರಸ್ತಿಗೆ ಅಂತ ಕಟ್ಟುಕೊಡಗೆ ಜಮೀನು ಬಿಡ್ತಿದ್ದರು, ಹೂಳು ಹೊರೋ ಬಂಡಿಗೆ ಅಂತ ಬೇರೆ ದತ್ತಿ ಇಡ್ತಿದ್ದರು. ಆಸ್ತಿ ಮಾಡಿದ ದಿನವೇ ಅದರ ಖರ್ಚಿಗೂ ಆದಾಯ ಕಟ್ಟಿಟ್ಟಿದ್ದಾರೆ. ನಮ್ಮ ಪ್ರೊಫೆಸರ್ ನೋಡಿದ್ದರೆ ಪೂರ್ತಿ ಅಂಕ ಕೊಡ್ತಿದ್ದರು.

ಹೂಳೆತ್ತೋದು ಬೇಡ ಅಂತಲ್ಲ. ಆದರೆ ಟಿಪ್ಪರ್ ನಿಲ್ಲಿಸೋಕೆ ಅನುಕೂಲ ಅಂತ ಏರಿ ಬುಡದಲ್ಲೇ ಜೆಸಿಬಿ ಇಳಿಸ್ತಾರೆ ನೋಡಿ, ಅದು ತಪ್ಪು. ಅಲ್ಲಿ ನೂರಾರು ವರ್ಷದಿಂದ ಕೂತ ಜೇಡಿಯೇ ನೀರು ಏರಿ ಕೆಳಗೆ ನುಸುಳದ ಹಾಗೆ ಹೊದಿಕೆ ಆಗಿರುತ್ತೆ. ಅದನ್ನ ಕೆರೆದು ಗುಂಡಿ ಮಾಡಿದರೆ ಏರಿ ಕಾಲಡಿ ಮಣ್ಣು ತೆಗೆದ ಹಾಗೆ. ಏರಿಯಿಂದ ದೂರ ಹೋಗಿ ಎತ್ತಬೇಕು.

ಮಳೆಗಾಲದಲ್ಲಿ ಏರಿ ಕೆಳಗೆ ನೀರು ಬುಗ್ಗೆ ಥರ ಉಕ್ಕೋದು ಕಂಡರೆ ಏನು ಮಾಡಬೇಕು? ಎಲ್ಲರಿಗೂ ಮೊದಲು ಹೊಳೆಯೋದು ಜೇಡಿ ಮಣ್ಣು ತುರುಕಿ ಮುಚ್ಚೋದು. ಮುಚ್ಚಬಾರದು. ಮುಚ್ಚಿದರೆ ಪಕ್ಕದಲ್ಲಿ ಬಾಯಿ ತೆಗೆಯುತ್ತೆ. ಬುಗ್ಗೆ ಸುತ್ತ ಮರಳು ಚೀಲದಲ್ಲಿ ಬಾವಿಕಟ್ಟೆ ಥರ ಕಟ್ಟಬೇಕು. ಒಳಗೆ ನೀರು ಸ್ವಲ್ಪ ಮೇಲೆ ನಿಂತು ಎದುರು ಒತ್ತಡ ಕೊಡುತ್ತೆ. ಮೇಲೆ ದಪ್ಪ ಮರಳು, ಅದರ ಮೇಲೆ ಜಲ್ಲಿ ಹಾಕಿದರೆ ನೀರು ಬರುತ್ತೆ, ಮಣ್ಣು ಬರಲ್ಲ. ಇದು ಇಲಾಖೆಯವರು ಬರೋವರೆಗಿನ ಕೆಲಸ ಅಷ್ಟೇ. ಜಿಲ್ಲಾ ತುರ್ತು ಸಹಾಯವಾಣಿ 1077. ಏರಿ ಮೇಲೆ ಅಡ್ಡ ಬಿರುಕು, ಅಂದರೆ ಕೆರೆ ಕಡೆಯಿಂದ ಗದ್ದೆ ಕಡೆಗೆ ಹೋಗೋ ಬಿರುಕು ಕಂಡರೂ ತಡ ಮಾಡಬೇಡಿ. ಕೆಳಗಿನ ಊರಿಗೂ ಹೇಳಿ. ನಮ್ಮ ಕೆರೆಗಳು ಸರಪಳಿ. ಮೇಲಿನ ಕೋಡಿ ನೀರೇ ಕೆಳಗಿನ ಕೆರೆಗೆ ಬರೋದು. ಮೇಲಿನದು ಒಡೆದರೆ ಆ ನೀರು ಒಟ್ಟಿಗೇ ಹೋಗಿ ಕೆಳಗಿನದರ ತಲೆ ಮೇಲೆ ಬೀಳುತ್ತೆ.

ಮತ್ತೆ ಊರಿಗೆ ಹೋದೆ ಅಂದೆನಲ್ಲ. ಈ ಸಲ ಕೋಡಿ ಹಳ್ಳ ಹಿಡಿದು ಕೆಳಗೆ ನಡೆದೆ. ನಾನು ಚಿಕ್ಕವನಿದ್ದಾಗ ಅಲ್ಲಿ ಬರೀ ಗೋಮಾಳ. ಈಗ ಮೂವತ್ತು ಜನತಾ ಮನೆ. ಬೇರೆ ಜಾಗ ಇಲ್ಲ ಅಂತ ಅಲ್ಲೇ ನಿವೇಶನ ಕೊಟ್ಟಿದ್ದಾರೆ. ನಮ್ಮ ಮಾವನ ತೋಟ ಇರೋದು ಆ ಕಡೆ ದಿಣ್ಣೆ ಮೇಲೆ. ಏರಿ ಒಡೆದರೂ ಅಲ್ಲಿಗೆ ನೀರು ಬರಲ್ಲ. ನೀರು ಉಳಿಸಿದ ಲಾಭ ಒಬ್ಬರ ಖಾತೆಗೆ, ಅಪಾಯ ಇನ್ನೊಬ್ಬರ ಖಾತೆಗೆ. ಮನೆ ಮುಂದೆ ಪಾತ್ರೆ ತೊಳೀತಿದ್ದ ಒಬ್ಬ ಅಕ್ಕನನ್ನ ಕೇಳಿದೆ, ಕೋಡಿಗೆ ಚೀಲ ಇಟ್ಟಿದ್ದು ಗೊತ್ತಾ ಅಂತ. "ಅದ್ಯಾವ ಚೀಲ ಸ್ವಾಮಿ? ಈ ಸಲ ಹಳ್ಳದಾಗೆ ನೀರು ಕಮ್ಮಿ ಬಂತು, ದೇವರು ದೊಡ್ಡೋನು ಅಂದ್ಕೊಂಡ್ವಿ" ಅಂದರು.

ಆವತ್ತು ರಾತ್ರಿ ಊಟಕ್ಕೆ ಕೂತಾಗ ಮಾವನಿಗೆ ಇದನ್ನ ಹೇಳಿದೆ. ಶೇ 54ರ ಲೆಕ್ಕಾನೂ ಹೇಳಿದೆ. "ನಿನ್ನ ಫ್ರೆಂಡು ಬಂದು ನನ್ನ ತೋಟಕ್ಕೆ ನೀರು ಹಾಯಿಸ್ತಾನೇನೋ?" ಅಂತ ರೇಗಿದರು. ಅತ್ತೆ ಮಾತು ಬದಲಾಯಿಸಿದರು. ನಾನು ವಾಪಸ್ ಬಂದೆ. ನಾಲ್ಕು ದಿನ ಬಿಟ್ಟು ಮಾವ ವಾಟ್ಸಾಪಲ್ಲಿ ಒಂದು ಫೋಟೊ ಕಳಿಸಿದರು, ಮೇಲಿನ ಎರಡು ಸಾಲು ಚೀಲ ಇರಲಿಲ್ಲ. ಕೆಳಗಿನ ಸಾಲು ಹಾಗೇ ಇತ್ತು. ಫೋನ್ ಮಾಡಿದೆ. "ಅದೊಂದು ಇರಲಿ ಬಿಡೋ, ಮಳೆ ನೋಡ್ಕೊಂಡು ತೆಗೆದರಾಯ್ತು" ಅಂದರು. ಯಾರು ನೋಡ್ಕೋತಾರೆ ಮಾವ, ರಾತ್ರಿ ಎರಡು ಗಂಟೆಗೆ ಮಳೆ ಬಂದರೆ? "ನಾನೇ ಹೋಗ್ತೀನಿ" ಅಂದರು. ಅವರಿಗೆ ಅರವತ್ತೆರಡು ವರ್ಷ, ಮಂಡಿ ನೋವು. ತೂಬಿನ ಹಿಡಿಕೆ ಇನ್ನೂ ಸಿಕ್ಕಿಲ್ಲ.

ಈ ಮಳೆಗಾಲಕ್ಕೆ ಮುಂಚೆ ನಿಮ್ಮೂರಿಗೆ ಹೋದರೆ ಏರಿ ಮೇಲೆ ಒಂದು ಸಲ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ, ಆಮೇಲೆ ಏರಿ ಬುಡದಲ್ಲಿ ಗದ್ದೆ ಕಡೆಯಿಂದ ವಾಪಸ್ ಬನ್ನಿ. ಕೋಡಿ ಫೋಟೊ ಕಳಿಸಿ, ಚೀಲ ಇದ್ದರೂ ಇಲ್ಲದಿದ್ದರೂ. ಮುಂದಿನ ವಾರ ಸಿಗೋಣ.